ಎರಡಾಣೆ ಪಿಗ್ಮಿಯಿಂದ ಮೊಬೈಲ್ ಪಾಠದವರೆಗೆ: ಮಕ್ಕಳಿಗೆ ದುಡ್ಡಿನ ಲೆಕ್ಕ ಕಲಿಸಿದವರ ಕಥೆ

ರಿಸರ್ವ್ ಬ್ಯಾಂಕಿನ ಪುಸ್ತಕಗಳಲ್ಲಿ ರಾಜು ಎಂಬ ಹೆಸರು ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ.

ಮೊದಲ ಸಲ ಬಂದದ್ದು 2007ರಲ್ಲಿ. ಆ ವರ್ಷ ಮಕ್ಕಳ ದಿನಾಚರಣೆಯಂದು ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಹಣಕಾಸು ಶಿಕ್ಷಣಕ್ಕೆಂದೇ ಒಂದು ವಿಭಾಗ ಶುರು ಮಾಡಿತು. ಅದರಲ್ಲಿ ‘ರಾಜು ಅಂಡ್ ದ ಮನಿ ಟ್ರೀ’ ಎಂಬ ಚಿತ್ರಕಥೆ ಇತ್ತು. ದುಡ್ಡು ಯಾಕೆ ಉಳಿಸಬೇಕು, ಬ್ಯಾಂಕು ಅಂದರೇನು ಎಂದು ಶಾಲೆಯ ಮಕ್ಕಳಿಗೆ ಹೇಳುವ ಪುಸ್ತಕ ಅದು.

ಮತ್ತೆ ಬಂದದ್ದು 2022ರಲ್ಲಿ. ಆಗ ಬಂದ ಪುಸ್ತಕದ ಹೆಸರು ‘ರಾಜು ಅಂಡ್ ದ ಫಾರ್ಟಿ ಥೀವ್ಸ್’. ಅಂದರೆ ರಾಜು ಮತ್ತು ನಲವತ್ತು ಕಳ್ಳರು. ಒಟಿಪಿ ಕೇಳುವವರು, ನಕಲಿ ಸಾಲದ ಆ್ಯಪ್‌ನವರು, ಕೆಲಸ ಕೊಡಿಸುತ್ತೇವೆ ಎಂದು ದುಡ್ಡು ಕೀಳುವವರು ಹೀಗೆ 40 ಬಗೆಯ ಮೋಸಗಳನ್ನು ಚಿತ್ರ ಹಾಕಿ ತೋರಿಸಿದ ಪುಸ್ತಕ.

ಹದಿನೈದು ವರ್ಷಗಳಲ್ಲಿ ಪಾಠವೇ ಬದಲಾಯಿತು. ಮೊದಲು ‘ಉಳಿಸು’ ಎಂದಿದ್ದು, ಆಮೇಲೆ ‘ಉಳಿಸಿದ್ದನ್ನು ಕಳ್ಳರಿಂದ ಕಾಪಾಡಿಕೋ’ ಎಂದಾಯಿತು. ಎರಡೂ ಪುಸ್ತಕಗಳಿಗೆ ಒಂದು ಪೈಸೆ ಕೊಡಬೇಕಿಲ್ಲ. ಎರಡನ್ನೂ ಮೊಬೈಲಿನಲ್ಲೇ ಓದಬಹುದು. ಆದರೂ ನಾನು ಸುದ್ದಿಗೆಂದು ತಿರುಗಾಡುವ ಊರುಗಳಲ್ಲಿ ಸಾಲದ ಆ್ಯಪ್‌ಗಳ ಹೆಸರು ಗೊತ್ತಿರುವ ಹುಡುಗರು ಬಹಳ ಜನ ಸಿಗುತ್ತಾರೆ, ಈ ಎರಡು ಪುಸ್ತಕಗಳ ಹೆಸರು ಕೇಳಿದವರು ಸಿಗುವುದಿಲ್ಲ.

ಪುಕ್ಕಟೆ ಪಾಠ ಇದೆ, ಕಲಿಯುವವರ ಕೈಯಲ್ಲಿ ಮೊಬೈಲೂ ಇದೆ. ಮತ್ತೆ ಎಲ್ಲಿ ತಪ್ಪಿತು? ಇದಕ್ಕೆ ಉತ್ತರ ಬೇಕಾದರೆ ದುಡ್ಡಿನ ಪಾಠ ಹೇಳುವ ಕೆಲಸ ನಮ್ಮ ನಾಡಿನಲ್ಲಿ ಹಿಂದೆ ಹೇಗೆ ನಡೆದಿತ್ತು ಎಂದು ನೋಡಬೇಕು. ಆ ಕೆಲಸಕ್ಕೆ ನಮ್ಮಲ್ಲಿ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ.

ಕಣಗಿನಹಾಳದ ಸಂಘ

ಗದಗ ತಾಲ್ಲೂಕಿನ ಕಣಗಿನಹಾಳ ಎಂದರೆ ಸಹಕಾರಿಗಳಿಗೆ ತವರು ಇದ್ದಂತೆ. 1905ರಲ್ಲಿ ಇಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಆಗ ಇದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ ಊರು.

ಅದಕ್ಕೆ ಒಂದು ವರ್ಷ ಮೊದಲು, 1904ರಲ್ಲಿ, ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದಿತ್ತು. ಅದರ ಹಿಂದೆ ಒಂದು ಭಯವೂ ಇತ್ತು. 1875ರಲ್ಲಿ ಪುಣೆ, ಅಹ್ಮದ್‌ನಗರ ಜಿಲ್ಲೆಗಳಲ್ಲಿ ಸಾಲದಲ್ಲಿ ಮುಳುಗಿದ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟಿದ್ದರು. ಆ ದಂಗೆ ನಡೆದ ನಾಲ್ಕು ವರ್ಷಕ್ಕೆ ರೈತರ ರಕ್ಷಣೆಗೆಂದು ಒಂದು ಕಾಯ್ದೆ ಬಂತು. ಆದರೆ ಕಾಯ್ದೆಯಿಂದ ಸಾಹುಕಾರನ ಕೈ ಕಟ್ಟಬಹುದೇ ಹೊರತು, ಬಿತ್ತನೆ ಹೊತ್ತಿಗೆ ರೈತನ ಕೈಗೆ ದುಡ್ಡು ಕೊಡಲು ಆಗುವುದಿಲ್ಲ. ರೈತರೇ ಕೂಡಿ ಉಳಿಸಿ, ಒಬ್ಬರಿಗೊಬ್ಬರು ಸಾಲ ಕೊಡಲಿ ಎಂಬ ಯೋಚನೆ ಬಂದದ್ದು ಹೀಗೆ.

1904ರ ಕಾಯ್ದೆಯ ಮೊದಲ ಸಾಲುಗಳಲ್ಲೇ ಅದರ ಉದ್ದೇಶ ಬರೆದಿದೆ. ರೈತರು, ಕುಶಲಕರ್ಮಿಗಳು ಮತ್ತು ಕಡಿಮೆ ಆದಾಯದವರಲ್ಲಿ ಮಿತವ್ಯಯ, ಸ್ವಾವಲಂಬನೆ, ಸಹಕಾರ ಬೆಳೆಸುವುದೇ ಆ ಉದ್ದೇಶ. ಅಂದರೆ ಸಾಲ ಕೊಡುವುದಷ್ಟೇ ಅಲ್ಲ, ದುಡ್ಡಿನ ನಡತೆ ಕಲಿಸುವುದೂ ಸಂಘದ ಕೆಲಸವೆಂದು ಕಾನೂನೇ ಹೇಳಿತ್ತು.

ಸಂಘದಲ್ಲಿ ಪಾಠದ ಪುಸ್ತಕ ಇರಲಿಲ್ಲ. ಷೇರು ಕಟ್ಟಿದವನು ಸಭೆಗೆ ಬರಬೇಕು, ಯಾರಿಗೆ ಎಷ್ಟು ಸಾಲ ಎಂದು ಎಲ್ಲರ ಮುಂದೆ ಮಾತಾಗಬೇಕು, ಕಟ್ಟದವನು ನಾಲ್ಕು ಜನರ ನಡುವೆ ತಲೆ ತಗ್ಗಿಸಬೇಕು. ಕುಳಿತು ಕೇಳುತ್ತಿದ್ದ ಹುಡುಗರಿಗೆ ಅಸಲು, ಬಡ್ಡಿ, ಜಾಮೀನು ಎಂಬ ಮಾತುಗಳ ಅರ್ಥ ಅಲ್ಲೇ ತಿಳಿಯುತ್ತಿತ್ತು.

ಉಡುಪಿಯ ಎರಡಾಣೆ

ಹಣಕಾಸಿನ ಪಾಠವನ್ನು ಮನೆ ಬಾಗಿಲಿಗೆ ತಂದದ್ದು ಕರಾವಳಿಯವರು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನು ಬ್ಯಾಂಕುಗಳ ತೊಟ್ಟಿಲು ಎಂದು ಕರೆಯುವುದು ಸುಮ್ಮನೆ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಈಗಿನ ಕೆನರಾ ಬ್ಯಾಂಕನ್ನು ಶುರು ಮಾಡಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಬಂತು, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್ ಬಂತು.

ನಮ್ಮ ಕಥೆಗೆ ಮುಖ್ಯವಾದದ್ದು ಇವುಗಳ ನಡುವೆ, 1925ರಲ್ಲಿ, ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆ. ಮೂಲ ಬಂಡವಾಳ 8,000 ರೂಪಾಯಿ. ಕೈಮಗ್ಗದ ಕೆಲಸ ಕುಸಿದು ಕಂಗಾಲಾಗಿದ್ದ ಕರಾವಳಿಯ ನೇಕಾರರಿಗೆ ಆಸರೆಯಾಗಲಿ ಎಂಬುದು ಅವರ ಆಲೋಚನೆ.

1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಅದನ್ನು ಕೊಡಲು ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ, ಬ್ಯಾಂಕಿನ ಏಜೆಂಟರೇ ಮನೆಗೆ, ಅಂಗಡಿಗೆ ಬರುತ್ತಿದ್ದರು.

ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಭಾಗ. ಲೆಕ್ಕ ಹಾಕಿ ನೋಡಿ. 30 ದಿನಕ್ಕೆ 60 ಆಣೆ, ಅಂದರೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಬಡ್ಡಿ ಸೇರಿಸದೆಯೇ ಏಳು ವರ್ಷಕ್ಕೆ 319 ರೂಪಾಯಿ ದಾಟುತ್ತದೆ. ಒಂದೇ ಸಲ ಹತ್ತು ರೂಪಾಯಿ ಹೊಂದಿಸಲಾಗದ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಪಿಗ್ಮಿ ಗೆದ್ದದ್ದು ಬಡ್ಡಿಯ ದರದಿಂದ ಅಲ್ಲ, ದಿನಾ ಬಂದು ಬಾಗಿಲಲ್ಲಿ ನಿಂತ ಮನುಷ್ಯನಿಂದ. ಆತ ಬರುವ ಹೊತ್ತಿಗೆ ದುಡ್ಡು ತೆಗೆದಿಡಬೇಕು ಎಂಬುದೇ ಮನೆಯವರಿಗೆ ರೂಢಿಯಾಯಿತು. ಎಷ್ಟೋ ಮನೆಗಳಲ್ಲಿ ಆ ದುಡ್ಡನ್ನು ಎಣಿಸಿ ಕೊಡುವ, ಪುಸ್ತಕದಲ್ಲಿ ಬರೆಸಿಕೊಳ್ಳುವ ಕೆಲಸ ಮಕ್ಕಳದು. ಚಹಾ ಅಂಗಡಿಯವರ ಮಗ, ಹೂವು ಮಾರುವವರ ಮಗಳು ಕೂಡಿಸುವ ಲೆಕ್ಕವನ್ನು ಶಾಲೆಯ ಹಲಗೆಗಿಂತ ಮೊದಲು ಪಿಗ್ಮಿ ಪುಸ್ತಕದಲ್ಲಿ ಕಲಿತರು.

ಈ ಪಾಠವೂ ನಿಜವಾಗಿ ಪುಕ್ಕಟೆ ಇರಲಿಲ್ಲ. ಏಜೆಂಟರ ಹೊಟ್ಟೆಪಾಡು ಕಮಿಷನ್ ಮೇಲೆ ನಡೆಯುತ್ತಿತ್ತು. ಅವರು ಬ್ಯಾಂಕಿನ ನೌಕರರೇ ಅಲ್ಲ ಎಂದು ಬ್ಯಾಂಕುಗಳು ವಾದ ಮಾಡಿದವು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ಕೋರ್ಟು, ಠೇವಣಿ ಸಂಗ್ರಹಿಸುವವರೂ ಕಾನೂನಿನ ಪ್ರಕಾರ ಕಾರ್ಮಿಕರೇ ಎಂದು ಒಪ್ಪಿತು. ಊರಿಗೆಲ್ಲ ಉಳಿತಾಯ ಕಲಿಸಿದವರು ತಮ್ಮ ಉಳಿತಾಯದ ಹಕ್ಕಿಗಾಗಿ ಕೋರ್ಟು ಹತ್ತಬೇಕಾಯಿತು. ಬಾಗಿಲಿಗೆ ಬಂದು ಕಲಿಸುವವರಿಗೆ ಯಾರಾದರೂ ಕೂಲಿ ಕೊಡಲೇಬೇಕು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತದೆ.

1969ರ ಜುಲೈ 19ರಂದು ಕೇಂದ್ರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋದರೂ ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಉಳಿದುಕೊಂಡಿದೆ.

ಶಾಲೆಯೊಳಗಿನ ಬ್ಯಾಂಕು

ಶಾಲೆಯಲ್ಲೇ ಮಕ್ಕಳಿಗೆ ಉಳಿತಾಯ ಕಲಿಸುವ ಪದ್ಧತಿ ಹರಡಿದ್ದು ಯುರೋಪಿನಿಂದ. ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಕಾನೂನು ಪ್ರಾಧ್ಯಾಪಕ ಫ್ರಾಂಸ್ವಾ ಲೊರಾಂ 1866ರಲ್ಲಿ ಶಾಲೆಗಳಲ್ಲಿ ಉಳಿತಾಯ ಬ್ಯಾಂಕು ಶುರು ಮಾಡಿಸಿದರು. ಕಾರ್ಮಿಕರ ಮಕ್ಕಳು ವಾರಕ್ಕೊಮ್ಮೆ ಚಿಲ್ಲರೆ ತಂದು ಮೇಷ್ಟ್ರ ಕೈಗೆ ಕೊಡುತ್ತಿದ್ದರು. 1924ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಉಳಿತಾಯ ಬ್ಯಾಂಕುಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಅಕ್ಟೋಬರ್ 31ನ್ನು ವಿಶ್ವ ಮಿತವ್ಯಯ ದಿನವೆಂದು ಸಾರಿತು. ಇಂದಿರಾ ಗಾಂಧಿಯವರ ಹತ್ಯೆ ಅದೇ ತಾರೀಖಿಗೆ ನಡೆದದ್ದರಿಂದ ಭಾರತದಲ್ಲಿ ಇದನ್ನು ಅಕ್ಟೋಬರ್ 30ಕ್ಕೆ ಆಚರಿಸುತ್ತಾರೆ.

ನಮ್ಮಲ್ಲಿ 1882ರ ಏಪ್ರಿಲ್ 1ರಿಂದಲೇ ಅಂಚೆ ಕಚೇರಿ ಉಳಿತಾಯ ಬ್ಯಾಂಕು ಇತ್ತು. ಸ್ವಾತಂತ್ರ್ಯದ ಮೇಲೆ ರಾಷ್ಟ್ರೀಯ ಉಳಿತಾಯ ಇಲಾಖೆಯವರು ಅಂಚೆ ಕಚೇರಿಯನ್ನು ಶಾಲೆಗೆ ಜೋಡಿಸಿ ‘ಸಂಚಯಿಕ’ ಎಂಬ ಯೋಜನೆ ಮಾಡಿದರು. ನಲವತ್ತೈವತ್ತು ದಾಟಿದ ಓದುಗರಲ್ಲಿ ಕೆಲವರಿಗೆ ಇದು ನೆನಪಿರಬಹುದು.

ಸಂಚಯಿಕದ ವಿಶೇಷವೆಂದರೆ ಅದು ಮಕ್ಕಳಿಗಾಗಿ ಮಕ್ಕಳೇ ನಡೆಸುವ ಬ್ಯಾಂಕು. ಒಬ್ಬ ಶಿಕ್ಷಕರು ಮೇಲ್ವಿಚಾರಣೆಗೆ ಇರುತ್ತಿದ್ದರು. ಮಕ್ಕಳು ಐದು, ಹತ್ತು ಪೈಸೆ ತಂದರೂ ಬರೆದುಕೊಳ್ಳುವುದು, ಪಾಸ್‌ಪುಸ್ತಕ ಕೊಡುವುದು, ಒಟ್ಟು ಮೊತ್ತ ತಾಳೆ ಹಾಕುವುದು ದೊಡ್ಡ ತರಗತಿಯ ಮಕ್ಕಳ ಕೆಲಸ. ಕೂಡಿದ ದುಡ್ಡು ಶಾಲೆಯ ಹೆಸರಿನ ಅಂಚೆ ಖಾತೆಗೆ ಹೋಗುತ್ತಿತ್ತು.

ಇದರಲ್ಲಿ ದುಡ್ಡು ಎಷ್ಟು ಕೂಡಿತು ಎಂಬುದು ದೊಡ್ಡ ವಿಷಯ ಅಲ್ಲ. ಹದಿಮೂರು ವರ್ಷದ ಹುಡುಗಿಗೆ ಬೇರೆಯವರ ದುಡ್ಡಿನ ಲೆಕ್ಕ ಇಡುವ ಜವಾಬ್ದಾರಿ ಬರುತ್ತಿತ್ತು. ಹತ್ತು ಪೈಸೆ ತಾಳೆಯಾಗದಿದ್ದರೆ ಸಂಜೆಯವರೆಗೆ ಕೂತು ಹುಡುಕಬೇಕಾಗುತ್ತಿತ್ತು. ನಾನು ಹೋಗುವ ಶಾಲೆಗಳಲ್ಲಿ ಈಗ ಸಂಚಯಿಕ ಕಾಣುವುದಿಲ್ಲ. ಹಳೆಯ ಬೀರುಗಳಲ್ಲಿ ರಿಜಿಸ್ಟರ್ ಮಾತ್ರ ಉಳಿದಿದ್ದರೆ ಇರಬಹುದು.

ಸಂಘದ ಪುಸ್ತಕ ಬರೆದ ಮಗಳು

ಶಾಲೆಯ ಹೊರಗೆ ಇನ್ನೊಂದು ಪಾಠಶಾಲೆ 1980ರ ದಶಕದಲ್ಲಿ ಹುಟ್ಟಿತು. ಅದೂ ಕರ್ನಾಟಕದಲ್ಲೇ. ಮೈರಾಡ ಎಂಬ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನ ಸಣ್ಣ ಗುಂಪುಗಳಾಗಿ ಉಳಿಸತೊಡಗಿದರು. 1987ರಲ್ಲಿ ನಬಾರ್ಡ್ ಇದಕ್ಕೆ ಹಣದ ನೆರವು ಕೊಟ್ಟಿತು. 1992ರಲ್ಲಿ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮವನ್ನು ಪ್ರಯೋಗವಾಗಿ ಶುರು ಮಾಡಿತು. 2000ದ ಹೊತ್ತಿಗೆ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದು ಹಳ್ಳಿ ಹಳ್ಳಿಯಲ್ಲೂ ಸಂಘಗಳಾದವು.

ಸಂಘಕ್ಕೆ ವಾರದ ಸಭೆ ಬೇಕು, ನಡಾವಳಿ ಪುಸ್ತಕ ಬೇಕು, ಉಳಿತಾಯದ ಪುಸ್ತಕ ಬೇಕು, ಸಾಲದ ಪುಸ್ತಕ ಬೇಕು. ಓದು ಬರಹ ಬಾರದ ತಾಯಂದಿರು ಪುಸ್ತಕ ಬರೆಯಲು ಶಾಲೆಗೆ ಹೋಗುವ ಮಗಳನ್ನೋ ಮಗನನ್ನೋ ಕರೆದು ಕೂರಿಸಿದರು. ಹೀಗೆ ಒಂದು ಇಡೀ ತಲೆಮಾರಿನ ಹಳ್ಳಿ ಹುಡುಗಿಯರು ಬಡ್ಡಿ ಲೆಕ್ಕವನ್ನು, ಕಂತಿನ ಲೆಕ್ಕವನ್ನು ನಿಜವಾದ ದುಡ್ಡಿನ ಮೇಲೆ ಕಲಿತರು. ತಾಯಿ ತೆಗೆದ ಸಾಲದ ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಗಳೇ ಪುಸ್ತಕದಲ್ಲಿ ಬರೆಯಬೇಕಾಗಿತ್ತು.

ಕಣಗಿನಹಾಳದ ಸಭೆ, ಉಡುಪಿಯ ಪಿಗ್ಮಿ, ಶಾಲೆಯ ಸಂಚಯಿಕ, ಸ್ತ್ರೀಶಕ್ತಿ ಸಂಘ. ಈ ನಾಲ್ಕರಲ್ಲೂ ಮೂರು ಸಂಗತಿ ಒಂದೇ ಇವೆ. ಪಾಠ ಹೇಳುವ ಮನುಷ್ಯ ಎದುರಿಗೆ ಇದ್ದ. ಕೈಯಲ್ಲಿ ನಿಜವಾದ ದುಡ್ಡಿತ್ತು, ಅದು ಎರಡಾಣೆಯೇ ಆಗಲಿ. ತಪ್ಪಿದರೆ ಕೇಳುವವರು ಊರಿನಲ್ಲೇ ಇದ್ದರು.

ಪಾಠ ಮೊಬೈಲಿಗೆ ಬಂತು

ರಾಜುವಿನ ಪುಸ್ತಕ ಬಂದ 2007ರಲ್ಲಿ ನಮ್ಮ ಹಳ್ಳಿಗಳಲ್ಲಿ ಇಂಟರ್ನೆಟ್ ಎಂದರೆ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್. ಹಾಗಾಗಿ ಆಗ ಅದು ತಲುಪಲಿಲ್ಲ ಎಂದರೆ ಆಶ್ಚರ್ಯ ಇಲ್ಲ.

2013ರಲ್ಲಿ ಹಣಕಾಸು ಶಿಕ್ಷಣಕ್ಕೆ ರಾಷ್ಟ್ರೀಯ ಕಾರ್ಯತಂತ್ರ ಬಂತು. ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ ಎಂಬ ಸಂಸ್ಥೆಯೂ ಶುರುವಾಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ಎನ್‌ಸಿಎಫ್‌ಇ ಎನ್ನುತ್ತಾರೆ. ಇದರ ಹಿಂದೆ ಇರುವವರು ಬ್ಯಾಂಕು, ಷೇರು ಮಾರುಕಟ್ಟೆ, ವಿಮೆ, ಪಿಂಚಣಿ ಈ ನಾಲ್ಕನ್ನು ನೋಡಿಕೊಳ್ಳುವ ಸರ್ಕಾರಿ ನಿಯಂತ್ರಕರು. ಈ ಕೇಂದ್ರವು ಸಿಬಿಎಸ್‌ಇ ಜತೆ ಸೇರಿ 6ರಿಂದ 10ನೇ ತರಗತಿಯವರೆಗೆ ತರಗತಿಗೊಂದರಂತೆ ಅಭ್ಯಾಸ ಪುಸ್ತಕ ಮಾಡಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ದೊಡ್ಡವರಿಗೆ ಕೈಪಿಡಿಗಳಿವೆ, ಮಕ್ಕಳಿಗೆ ಪರೀಕ್ಷೆಯೂ ಇದೆ.

ರಿಸರ್ವ್ ಬ್ಯಾಂಕ್ ‘ಫೇಮ್’ ಎಂಬ ಚಿಕ್ಕ ಪುಸ್ತಕವನ್ನು ಭಾರತೀಯ ಭಾಷೆಗಳಲ್ಲಿ ತಂದಿದೆ, ಕನ್ನಡದಲ್ಲೂ ಇದೆ. ವರ್ಷಕ್ಕೊಮ್ಮೆ ಆರ್ಥಿಕ ಸಾಕ್ಷರತಾ ಸಪ್ತಾಹ ನಡೆಸುತ್ತದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2022ರಲ್ಲಿ ‘ಸಾರಥಿ’ ಎಂಬ ಆ್ಯಪ್ ತಂದಿತು. ಖಾಸಗಿಯವರದೂ ಇವೆ. ಬೆಂಗಳೂರಿನ ಜೆರೋಧಾ ಕಂಪನಿಯ ‘ವಾರ್ಸಿಟಿ’ಯಲ್ಲಿ ಷೇರು, ತೆರಿಗೆ, ಮ್ಯೂಚುವಲ್ ಫಂಡ್ ಬಗ್ಗೆ ಪುಕ್ಕಟೆ ಪಾಠಗಳಿವೆ. ಅಮೆರಿಕದ ಖಾನ್ ಅಕಾಡೆಮಿಯಲ್ಲಿ ಸ್ವಂತ ಹಣಕಾಸಿನ ಪಾಠಗಳು ಇಂಗ್ಲಿಷಿನಲ್ಲಿವೆ.

ಪುಕ್ಕಟೆ ಸಿಗುವ ಪಾಠಕ್ಕೂ ಯಾರೋ ಖರ್ಚು ಮಾಡಿರುತ್ತಾರೆ. ನಿಯಂತ್ರಕರ ಪಾಠ ಸಾರ್ವಜನಿಕ ಹಣದ್ದು, ಅವರಿಗೆ ನಿಮ್ಮಿಂದ ವ್ಯಾಪಾರ ಬೇಕಿಲ್ಲ. ಷೇರು ದಲ್ಲಾಳಿ ಕಂಪನಿಯ ಪಾಠ ಒಳ್ಳೆಯದೇ ಇರಬಹುದು, ಆದರೆ ಆ ಕಂಪನಿ ನಡೆಯುವುದು ಜನ ಷೇರು ವ್ಯವಹಾರ ಮಾಡಿದಾಗ. ಯೂಟ್ಯೂಬಿನಲ್ಲಿ ಕಾರಿನ ಪಕ್ಕ ನಿಂತು ಪಾಠ ಹೇಳುವವರು ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದು ಕೊನೆಯ ಲಿಂಕ್ ಒತ್ತಿದಾಗಲೇ ಗೊತ್ತಾಗುವುದು. ಪಾಠ ಓದುವ ಮೊದಲು ಇದಕ್ಕೆ ದುಡ್ಡು ಹಾಕಿದವರು ಯಾರು ಎಂದು ಕೇಳಿಕೊಳ್ಳುವುದೇ ಮೊದಲ ಪಾಠ.

ಇಷ್ಟೆಲ್ಲ ಇದ್ದೂ ಕಲಿತವರು ಎಷ್ಟು? ಎನ್‌ಸಿಎಫ್‌ಇ 2019ರಲ್ಲಿ ನಡೆಸಿದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 27 ಜನ ಮಾತ್ರ ಆರ್ಥಿಕ ಸಾಕ್ಷರರು. ಹಳ್ಳಿಗಳಲ್ಲಿ ಅದು ನೂರಕ್ಕೆ 24.

ಕಳ್ಳರೂ ಮೊಬೈಲಿಗೇ ಬಂದರು

2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾಗಿ ಮನೆ ಮನೆಗೆ ಬ್ಯಾಂಕು ಖಾತೆ ಬಂತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಮೊಬೈಲ್ ಡೇಟಾ ಅಗ್ಗವಾಯಿತು. ಎರಡೇ ವರ್ಷಗಳಲ್ಲಿ ಹಳ್ಳಿಯ ಹುಡುಗನ ಜೇಬಿಗೆ ಬ್ಯಾಂಕು ಬಂದು ಕೂತಿತು. ಬ್ಯಾಂಕಿನ ಜತೆ ಬರಬೇಕಾಗಿದ್ದ ಪಿಗ್ಮಿ ಏಜೆಂಟ್ ಮಾತ್ರ ಬರಲಿಲ್ಲ. ಆತನ ಜಾಗದಲ್ಲಿ ಬೇರೆಯವರು ಬಂದರು.

ಹಿಂದೆ ಕಮಿಷನ್ನಿಗಾಗಿ ಬಾಗಿಲಿಗೆ ಬಂದವರು ಉಳಿಸಿರಿ ಎನ್ನುತ್ತಿದ್ದರು. ಈಗ ಕಮಿಷನ್ನಿಗಾಗಿ ಮೊಬೈಲಿಗೆ ಬರುವವರು ಸಾಲ ತೆಗೆದುಕೊಳ್ಳಿ, ಆಡಿ ಗೆಲ್ಲಿ, ಎರಡು ದಿನದಲ್ಲಿ ಡಬಲ್ ಮಾಡಿ ಎನ್ನುತ್ತಾರೆ. ಬಾಗಿಲು ತಟ್ಟುವ ವಿದ್ಯೆಯನ್ನು ಬ್ಯಾಂಕುಗಳು ಬಿಟ್ಟವು, ಇವರು ಹಿಡಿದುಕೊಂಡರು.

ಷೇರು ಪೇಟೆಯಲ್ಲಿ ‘ಫ್ಯೂಚರ್ಸ್ ಅಂಡ್ ಆಪ್ಷನ್ಸ್’ ಎಂಬ ವ್ಯವಹಾರ ಇದೆ. ಮುಂದೆ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಹೂಡುವುದು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಇದರ ಲೆಕ್ಕ ಬಹಿರಂಗ ಮಾಡಿತು. ಮೂರು ಹಣಕಾಸು ವರ್ಷಗಳಲ್ಲಿ ಇದಕ್ಕೆ ಕೈ ಹಾಕಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದರು. ಸರಾಸರಿ ನಷ್ಟ ಒಬ್ಬರಿಗೆ ಸುಮಾರು 2 ಲಕ್ಷ ರೂಪಾಯಿ. ಇದರಲ್ಲಿ 30 ವರ್ಷದ ಒಳಗಿನವರ ಪಾಲು ಒಂದೇ ವರ್ಷದಲ್ಲಿ ನೂರಕ್ಕೆ 31ರಿಂದ 43ಕ್ಕೆ ಏರಿತ್ತು. ಮುಕ್ಕಾಲು ಪಾಲು ಜನರ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ ಇತ್ತು. ಇವರು ದೊಡ್ಡ ಶಹರದ ಸಾಹುಕಾರರಲ್ಲ, ನಮ್ಮಂಥವರ ಮನೆಯ ಹುಡುಗರೂ ಇದ್ದಾರೆ.

ಸರ್ಕಾರ ಸುಮ್ಮನೆ ಕೂತಿಲ್ಲ. ಬಲವಂತದ ಸಾಲ ವಸೂಲಿ ತಡೆಯಲು ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಅದೇ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. 1879ರ ಕಾಯ್ದೆಯ ಕಥೆ ಮತ್ತೆ ನೆನಪಾಗುತ್ತದೆ. ಕಾಯ್ದೆ ಒಂದು ಕೈಯನ್ನು ಕಟ್ಟುತ್ತದೆ. ಇನ್ನೊಂದು ಕೈಗೆ ಲೆಕ್ಕ ಕಲಿಸುವ ಕೆಲಸ ಬೇರೆಯವರು ಮಾಡಬೇಕು.

ಪುಸ್ತಕದ ಲೆಕ್ಕ, ಊರಿನ ಲೆಕ್ಕ

ಮೊಬೈಲಿನ ಪಾಠಗಳಿಗೆ ಇನ್ನೊಂದು ತೊಡಕಿದೆ. ಅವು ಆಡುವ ಭಾಷೆ ಕನ್ನಡವಾದರೂ ಊರಿನ ಭಾಷೆ ಅಲ್ಲ.

ಪುಸ್ತಕ ವರ್ಷದ ಬಡ್ಡಿ ಹೇಳುತ್ತದೆ, ಊರು ತಿಂಗಳ ಬಡ್ಡಿ ಹೇಳುತ್ತದೆ. ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ 3 ರೂಪಾಯಿ. ವರ್ಷಕ್ಕೆ ನೂರಕ್ಕೆ 36. ಹತ್ತು ಸಾವಿರ ತೆಗೆದರೆ ತಿಂಗಳಿಗೆ 300, ವರ್ಷಕ್ಕೆ 3,600. ಮೂರು ವರ್ಷ ತುಂಬುವ ಮೊದಲೇ ಬಡ್ಡಿ ಅಸಲನ್ನು ದಾಟಿರುತ್ತದೆ. ಬ್ಯಾಂಕಿನವರು 12 ಎಂದಾಗ ‘ಅಬ್ಬಾ ಹನ್ನೆರಡಾ, ಇಲ್ಲಿ ಮೂರೇ ಅಲ್ಲವಾ’ ಎಂದುಕೊಳ್ಳುವ ಹುಡುಗರು ಇದ್ದಾರೆ.

ಇನ್ನು ‘ಫ್ಲ್ಯಾಟ್ ರೇಟ್’. ಹತ್ತು ಸಾವಿರ ಸಾಲ, ವರ್ಷಕ್ಕೆ 12 ಪರ್ಸೆಂಟ್, 12 ಕಂತು ಎನ್ನುತ್ತಾರೆ. ಬಡ್ಡಿ 1,200 ಸೇರಿಸಿ 11,200ನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 933 ಕಟ್ಟಿಸುತ್ತಾರೆ. ಆದರೆ ತಿಂಗಳು ತಿಂಗಳೂ ನಿಮ್ಮ ಅಸಲು ಕರಗುತ್ತಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರದ ಮೇಲೆಯೇ. ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ 21 ಪರ್ಸೆಂಟ್ ದಾಟುತ್ತದೆ.

ಸಾಲದ ಆ್ಯಪ್‌ನ ಲೆಕ್ಕಕ್ಕೆ ಒಂದು ಉದಾಹರಣೆ ನೋಡಿ. ಐದು ಸಾವಿರ ಸಾಲ ಎಂದು ಹೇಳಿ, 1,500 ‘ಚಾರ್ಜ್’ ಮುರಿದುಕೊಂಡು 3,500 ಕೈಗೆ ಕೊಟ್ಟು, ಏಳು ದಿನಕ್ಕೆ ಐದು ಸಾವಿರ ಕೇಳಿದರೆ ಬಡ್ಡಿ ಎಷ್ಟಾಯಿತು? ಒಂದೇ ವಾರಕ್ಕೆ ನೂರಕ್ಕೆ ಸುಮಾರು 43. ಸಾಹುಕಾರರ ಪತ್ರ ಸುಟ್ಟ 1875ರ ರೈತರಿಗೆ ಇದನ್ನು ಹೇಳಿದ್ದರೆ ಅವರೂ ನಂಬುತ್ತಿರಲಿಲ್ಲ.

ಕೊನೆಯದು, ಉಳಿಸಿದ ದುಡ್ಡಿನ ಭದ್ರತೆ. 1960ರಲ್ಲಿ ಕೇರಳದ ಪಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿ ಜನ ಬೀದಿಗೆ ಬಂದ ಮೇಲೆ, 1962ರಿಂದ ಬ್ಯಾಂಕು ಠೇವಣಿಗಳಿಗೆ ವಿಮೆ ಬಂತು. ಆಗ ಒಬ್ಬರಿಗೆ 1,500 ರೂಪಾಯಿವರೆಗೆ. 1993ರಲ್ಲಿ ಒಂದು ಲಕ್ಷ, 2020ರ ಫೆಬ್ರವರಿಯಿಂದ 5 ಲಕ್ಷ. ಈ ವಿಮೆ ಸಹಕಾರಿ ಬ್ಯಾಂಕುಗಳಿಗೂ ಉಂಟು. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ನಮ್ಮ ಪೇಟೆಗಳಲ್ಲಿ ಇಂದು ಪಿಗ್ಮಿ ಕಟ್ಟಿಸಿಕೊಳ್ಳುವವರಲ್ಲಿ ಇಂಥವು ಬಹಳ. ಅವೆಲ್ಲ ಕೆಟ್ಟವು ಎಂದಲ್ಲ. ಆದರೆ ಎಲ್ಲಿ ಕಟ್ಟುತ್ತಿದ್ದೇವೆ, ಮುಳುಗಿದರೆ ಯಾರು ಕೊಡುತ್ತಾರೆ ಎಂದು ಗೊತ್ತಿರಬೇಕು. ಇಂಥ ಮಾತು ಯಾವ ಚಿತ್ರಕಥೆಯಿಂದಲೂ ತಾನಾಗಿ ತಿಳಿಯುವುದಿಲ್ಲ. ಊರನ್ನು ಬಲ್ಲವರೇ ಜೋಡಿಸಿ ಹೇಳಬೇಕು.

ಬಾಗಿಲು ತಟ್ಟುವವರು ಯಾರು?

ಈ ಚರಿತ್ರೆಯಿಂದ ನಮಗೆ ಬೇಕಾದದ್ದು ಮೂರೇ: ಎದುರಿಗೆ ಒಬ್ಬ ಮನುಷ್ಯ, ಕೈಯಲ್ಲಿ ಸ್ವಲ್ಪ ನಿಜವಾದ ದುಡ್ಡು, ತಪ್ಪಿದರೆ ಕೇಳುವವರು. ಪುಕ್ಕಟೆ ಪಾಠ ನಾಲ್ಕನೆಯದಾಗಿ ಸೇರಿದರೆ ಚೆಂದ. ಅದೊಂದೇ ಇದ್ದರೆ ಅಂಗಡಿಯಲ್ಲಿ ಕೂತ ಬೀಜ ಇದ್ದ ಹಾಗೆ, ಹೊಲಕ್ಕೆ ಹೋಗುವುದಿಲ್ಲ.

ಮನುಷ್ಯ ಎಲ್ಲಿ ಸಿಗುತ್ತಾನೆ? ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕಂಪ್ಯೂಟರ್ ಇರುವ ಕಡೆ ವಾರಕ್ಕೆ ಒಂದು ಗಂಟೆ ರಾಜುವಿನ ಎರಡು ಪುಸ್ತಕ ತೆರೆದು ಓದಿಸಬಹುದು. ರಿಸರ್ವ್ ಬ್ಯಾಂಕ್ 2017ರಿಂದ ಬ್ಯಾಂಕು ಮತ್ತು ಸ್ವಯಂಸೇವಾ ಸಂಸ್ಥೆಗಳ ಮೂಲಕ ತಾಲ್ಲೂಕು ಮಟ್ಟದಲ್ಲಿ ಆರ್ಥಿಕ ಸಾಕ್ಷರತಾ ಕೇಂದ್ರಗಳನ್ನು ನಡೆಸುತ್ತಿದೆ. ಅವರನ್ನು ಕರೆಸಿ ಎಂದು ಶಾಲಾಭಿವೃದ್ಧಿ ಸಮಿತಿಯವರು ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಕೇಳಬಹುದು. ಕೇಳಿದರೆ ಬರುವುದು ಅವರ ಕೆಲಸ. ಆದರೆ ವರ್ಷಕ್ಕೊಂದು ಸಲ ಬಂದು ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಂಡು ಹೋದರೆ ಆಗುವುದಿಲ್ಲ. ಪಿಗ್ಮಿ ದಿನಾ ಬರುತ್ತಿತ್ತು. ಮತ್ತು ಪಿಗ್ಮಿಯವರ ಕೂಲಿಯ ಮಾತು ಇಲ್ಲೂ ಉಂಟು. ಗ್ರಂಥಾಲಯದ ಮೇಲ್ವಿಚಾರಕರ ತಲೆಗೆ ಈ ಕೆಲಸವನ್ನೂ ಸುಮ್ಮನೆ ಕಟ್ಟಿದರೆ ಅದು ರಿಜಿಸ್ಟರಿನಲ್ಲಿ ಮಾತ್ರ ನಡೆಯುತ್ತದೆ.

ನಿಜವಾದ ದುಡ್ಡಿನ ವಿಷಯಕ್ಕೆ ಬಂದರೆ, 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತ್ತು. 2025ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಹೇಳಿದೆ. ಎಷ್ಟು ಮೊತ್ತದವರೆಗೆ ಎಂಬುದನ್ನು ಬ್ಯಾಂಕು ಗೊತ್ತುಮಾಡುತ್ತದೆ. ಜಾತ್ರೆಗೆ ಕೊಟ್ಟ ಐವತ್ತು ರೂಪಾಯಿಯಲ್ಲಿ ಇಪ್ಪತ್ತನ್ನು ಮಗಳೇ ಚಲನ್ ಬರೆದು ಕಟ್ಟಿ ಬರಲಿ. ಮನೆಯಲ್ಲಿ ಸಂಘದ ಸಾಲ ಇದ್ದರೆ ಅದರ ಕಂತಿನ ಲೆಕ್ಕ ಮಗನ ಮುಂದೆಯೇ ಆಗಲಿ.

ಕೇಳುವವರ ವಿಷಯದಲ್ಲಿ ಎರಡು ಸಂಗತಿ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ದುಡ್ಡು ಹೋದ ತಕ್ಷಣ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಅನುಮತಿ ಇಲ್ಲದೆ ಠೇವಣಿ ಕಟ್ಟಿಸಿಕೊಳ್ಳುವವರ ಮೇಲೆ ದೂರು ಕೊಡಲು ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್ 2016ರಿಂದ ಇದೆ. ಇದಕ್ಕಿಂತ ಮುಖ್ಯವಾದದ್ದು ಮನೆಯ ಮಾತು. ದುಡ್ಡು ಕಳೆದುಕೊಂಡ ಹುಡುಗ ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡು, ಅದನ್ನು ತೀರಿಸಲು ಇನ್ನೊಂದು ಆ್ಯಪ್‌ನಲ್ಲಿ ಸಾಲ ತೆಗೆಯುತ್ತಾನೆ. ಕಣಗಿನಹಾಳದ ಸಭೆಯಲ್ಲಿ ಸಾಲದ ಮಾತು ಎಲ್ಲರ ಮುಂದೆ ಆಗುತ್ತಿತ್ತು. ನಮ್ಮ ಮನೆಗಳಲ್ಲಿ ಕನಿಷ್ಠ ಊಟಕ್ಕೆ ಕೂತಾಗಲಾದರೂ ಆಗಬೇಕು.

ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲೇ ಆ ಮೊಬೈಲ್ ಇದೆ. ಇವತ್ತು ಸಂಜೆ ರಾಜುವಿನ ನಲವತ್ತು ಕಳ್ಳರ ಪುಸ್ತಕ ತೆರೆದು, ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಬ್ಬ ಕಳ್ಳನ ಕಥೆ ಓದಿ ಹೇಳಿ. ನಾಳೆ ಇನ್ನೊಬ್ಬನದು. ನಲವತ್ತು ದಿನಕ್ಕೆ ಪುಸ್ತಕ ಮುಗಿಯುತ್ತದೆ.